ಕಲಾವಿದರ ಮೇಲೆ ಸಿನಿಮಾ ಮಾಡುವಾಗ ಅವರ ‘ಬೇಡದ’ ಸಂಬಂಧಗಳನ್ನು ತೋರಿಸಬೇಕಾ, ಬಿಡಬೇಕಾ?

ಉಣಕಲ್ ದಂಡಿ (ಹುಬ್ಬಳ್ಳಿ)

ನಮಸ್ಕಾರ ಎಲ್ಲರಿಗೂ. ಸ್ವಲ್ಪ ಉದ್ದ ಆಗುತ್ತದೆ, ಆದರೂ ಪೂರ್ತಿ ಓದಿ ಹೇಳಿ.

ನಾವು ಒಂದಿಷ್ಟು ಗೆಳೆಯರು ಸೇರಿ ನಮ್ಮ ಕಡೆಯ ಒಬ್ಬ ಕಂಪನಿ ನಾಟಕದ ನಟರ ಮೇಲೆ ಸಾಕ್ಷ್ಯಚಿತ್ರ ಮಾಡುತ್ತಿದ್ದೇವೆ. ಹೆಸರು ಇಲ್ಲಿ ಬೇಡ. ಅವರು ತೀರಿಕೊಂಡು ಬಹಳ ವರ್ಷ ಆಯಿತು. ಒಂದು ಕಾಲಕ್ಕೆ ಬನಶಂಕರಿ ಜಾತ್ರೆಯಲ್ಲಿ ಇವರ ಟೆಂಟ್ ಎದ್ದರೆ ಪಕ್ಕದ ಕಂಪನಿಯವರು ತಮ್ಮ ಆಟದ ಹೊತ್ತನ್ನೇ ಬದಲಾಯಿಸುತ್ತಿದ್ದರಂತೆ. ಅವರ ಒಂದು ರಂಗಗೀತೆಯ ಹಳೇ ಕ್ಯಾಸೆಟ್ ಸಿಕ್ಕಿದೆ. ಗರಗರ ಸದ್ದಿನ ನಡುವೆಯೂ ಆ ದನಿ ಕೇಳಿದರೆ ಮೈ ಜುಮ್ಮೆನ್ನುತ್ತದೆ.

ಸಮಸ್ಯೆ ಇರುವುದು ಬೇರೆ ಕಡೆ. ಕಂಪನಿಗೆ ದುಡ್ಡು ಹಾಕಿದ್ದು ಒಬ್ಬ ಸಾವ್ಕಾರ. ಪರದೆ, ಸೀನರಿ, ಜನರೇಟರ್ ಎಲ್ಲ ಅವನ ಹತ್ತಿರ ಒತ್ತೆ. ಮಳೆಗಾಲದಲ್ಲಿ ಕಲೆಕ್ಷನ್ ಬಿದ್ದು ಹೋದಾಗ ಕಲಾವಿದರಿಗೆ ಎರಡು ಹೊತ್ತು ಊಟ ಹಾಕಿದ್ದೂ ಅವನೇ, ಸುಳ್ಳು ಹೇಳಬಾರದು. ಆದರೆ ಕಂಪನಿಯ ಹೆಣ್ಣುಮಕ್ಕಳ ವಿಷಯದಲ್ಲಿ ಆ ಮನುಷ್ಯ ಸರಿ ಇರಲಿಲ್ಲ. ನಾವು ಮಾತಾಡಿಸಿದ ಹಳೇ ಕಲಾವಿದರಲ್ಲಿ ಹೆಚ್ಚಿನವರು ಇದನ್ನೇ ಹೇಳಿದರು, ಅದೂ ಕ್ಯಾಮೆರಾ ಬಂದ್ ಮಾಡಿದ ಮೇಲೆ. ನಮ್ಮ ನಟರ ಎದುರು ನಾಯಕಿ ಪಾತ್ರ ಮಾಡುತ್ತಿದ್ದ ಒಬ್ಬರು ಅದೇ ಕಾರಣಕ್ಕೆ ಮೊಕ್ಕಾಂ ನಡುವೆಯೇ ಕಂಪನಿ ಬಿಟ್ಟು ಹೋದರು. ನಮ್ಮ ನಟರಿಗೆ ಎಲ್ಲ ಗೊತ್ತಿತ್ತು. ಸುಮ್ಮನಿದ್ದರು. ಆಮೇಲೂ ಅದೇ ಸಾವ್ಕಾರನ ಜೀಪಿನಲ್ಲಿ ಓಡಾಡಿದರು, ಸ್ಟೇಜ್ ಮೇಲೆ ಕರೆದು ಶಾಲು ಹೊದಿಸಿ ಅಣ್ಣಾವ್ರು ಅಂತ ಹೊಗಳಿದರು.

ಮನೆಯವರು ಫೋಟೋ, ಪೇಪರ್ ಕಟಿಂಗ್ ಇರುವ ಒಂದು ಫೈಲ್ ಕೊಟ್ಟಿದ್ದಾರೆ. ಅದರಲ್ಲಿ ಒಂದು ಹ್ಯಾಂಡ್‌ಬಿಲ್ ಇದೆ. ಗುಲಾಬಿ ಬಣ್ಣದ ತೆಳು ಕಾಗದ, ಮಡಿಕೆ ಬಿದ್ದಲ್ಲಿ ಹರಿದು ಹಿಂದಿನಿಂದ ಅಂಟಿಸಿದ್ದು. ನಮ್ಮ ನಟರ ಹೆಸರು ದಪ್ಪಕ್ಷರದಲ್ಲಿದೆ. ಪಕ್ಕದಲ್ಲಿ ಅಷ್ಟೇ ದಪ್ಪಕ್ಷರದಲ್ಲಿ ಇನ್ನೊಂದು ಹೆಸರು ಇತ್ತು. ಅದನ್ನು ನೀಲಿ ಬಾಲ್‌ಪೆನ್ನಿನಿಂದ ಗೀಚಿದ್ದಾರೆ, ಕಾಗದ ತೂತು ಬೀಳುವಷ್ಟು ಗೀಚಿದ್ದಾರೆ. ಯಾರು ಗೀಚಿದ್ದು ಅಂತ ಕೇಳಿದೆವು, ಮನೆಯಲ್ಲಿ ಯಾರೂ ಬಾಯಿ ಬಿಡಲಿಲ್ಲ. ಫೈಲ್ ಕೊಡುವಾಗ ಒಂದೇ ಷರತ್ತು ಹಾಕಿದರು. “ಸಾವ್ಕಾರರ ಸುದ್ದಿ ಬ್ಯಾಡ, ಆಕಿ ಸುದ್ದಿನೂ ಬ್ಯಾಡ. ಕಲೆ ಅಷ್ಟ ತೋರಸ್ರಿ.”

ಈಗ ತಂಡದಲ್ಲೇ ಎರಡು ಪಾರ್ಟಿ ಆಗಿದೆ. ಅರ್ಧ ಜನ ಅನ್ನುವುದು, ನಾವು ಮಾಡುತ್ತಿರುವುದು ನಟನ ಮೇಲೆ ಸಿನಿಮಾ, ಪೊಲೀಸ್ ಪಂಚನಾಮೆ ಅಲ್ಲ. ಇನ್ನರ್ಧ ಜನ ಅನ್ನುವುದು, ಇದನ್ನು ಬಿಟ್ಟರೆ ಅದು ಸಿನಿಮಾ ಅಲ್ಲ, ಪುಣ್ಯತಿಥಿಗೆ ಹಂಚುವ ಕರಪತ್ರ. ನಾನು ಎಡಿಟಿಂಗ್ ಮಾಡುವವನು, ಕೊನೆಗೆ ಕತ್ತರಿ ಇರುವುದು ನನ್ನ ಕೈಯಲ್ಲಿ. ನೀವು ಏನನ್ನುತ್ತೀರಿ?

ಗದಗಿನ ಕೇಳುಗ (ಗದಗ)

ನೇರವಾಗಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಬಿಡಿ.

ಮನೆಯವರು ನಂಬಿ ಫೈಲ್ ಕೊಟ್ಟಿದ್ದಾರೆ, ಕೂರಿಸಿ ಚಹಾ ಅವಲಕ್ಕಿ ಕೊಟ್ಟಿದ್ದಾರೆ. ಈಗ ಅದೇ ಫೈಲ್ ಹಿಡಿದುಕೊಂಡು ಅವರ ಅಪ್ಪನ ಮರ್ಯಾದೆ ತೆಗೆಯುವುದು ಉಂಡ ಮನೆಗೆ ಎರಡು ಬಗೆದಂತೆ ಆಗುವುದಿಲ್ಲವೇ? ಸತ್ತವರು ಎದ್ದು ಬಂದು ಉತ್ತರ ಕೊಡುವುದಿಲ್ಲ. ಅವರಿಗೆ ಎಷ್ಟು ಗೊತ್ತಿತ್ತು, ಒಳಗೆ ಏನು ಜಗಳ ಆಗಿತ್ತು, ನಿಮಗೂ ನನಗೂ ಹೇಗೆ ತಿಳಿಯಬೇಕು?

ಇನ್ನೊಂದು ಮಾತು. ಆ ಕಾಲದ ಕಂಪನಿಗಳ ಪರಿಸ್ಥಿತಿ ಸ್ವಲ್ಪ ನೋಡಿ. ಒಂದು ಮೊಕ್ಕಾಂ ಎಂದರೆ ಇಪ್ಪತ್ತು ಮೂವತ್ತು ಜನರ ಹೊಟ್ಟೆ. ಯಾವ ಬ್ಯಾಂಕೂ ಸಾಲ ಕೊಡುತ್ತಿರಲಿಲ್ಲ. ಸಾವ್ಕಾರ ಕೈ ಬಿಟ್ಟರೆ ಮಾರನೇ ದಿನ ಟೆಂಟ್ ಇಳಿಯುತ್ತಿತ್ತು. ಈಗ ಮೊಬೈಲ್ ಹಿಡಿದು ಕೂತು ಅವರು ಯಾಕೆ ಎದುರು ಮಾತಾಡಲಿಲ್ಲ ಅಂತ ಕೇಳುವುದು ಬಹಳ ಸುಲಭ.

ನಮ್ಮೂರಿನ ಪಂಚಾಕ್ಷರ ಗವಾಯಿಗಳ ಮೇಲೆ 1995ರಲ್ಲಿ ಸಿನಿಮಾ ಬಂತಲ್ಲ, ಎಸ್‌ಪಿಬಿಗೆ ಅದರ ಹಾಡಿಗೆ ರಾಷ್ಟ್ರಪ್ರಶಸ್ತಿ ಬಂತು, ಹಂಸಲೇಖ ಅವರಿಗೂ ಬಂತು. ಜನ ಕಣ್ಣೊರೆಸಿಕೊಳ್ಳುತ್ತಾ ಹೊರಗೆ ಬಂದರು. ವೀರೇಶ್ವರ ಪುಣ್ಯಾಶ್ರಮಕ್ಕೆ ಇವತ್ತಿಗೂ ಮಕ್ಕಳು ಪೆಟ್ಟಿಗೆ ಹೊತ್ತುಕೊಂಡು ಬರುತ್ತಾರೆ ಎಂದರೆ ಅದರಲ್ಲಿ ಆ ಸಿನಿಮಾದ ಪಾಲೂ ಇದೆ ಅಂತ ನನ್ನ ಅನಿಸಿಕೆ. ದೊಡ್ಡವರ ದೊಡ್ಡತನ ತೋರಿಸುವುದೂ ಒಂದು ಕೆಲಸ ಅಲ್ವಾ?

ಸಿನಿಮಾ ಹುಚ್ಚ (ಹುಬ್ಬಳ್ಳಿ)

ಕೇಳುಗರೇ, ಪಂಚಾಕ್ಷರ ಗವಾಯಿಗಳ ಉದಾಹರಣೆ ಇಲ್ಲಿ ಕೂರುವುದಿಲ್ಲ. ಕಣ್ಣಿಲ್ಲದ ಮಕ್ಕಳಿಗೆ ಅನ್ನ ಹಾಕಿ ಸಂಗೀತ ಕಲಿಸಿದ ಸಂತರು ಅವರು. ಅವರ ಸಿನಿಮಾದಲ್ಲಿ ಮುಚ್ಚಿಡುವಂಥದ್ದು ಏನಿತ್ತು? ಇಲ್ಲಿ ಪ್ರಶ್ನೆ ಮುಚ್ಚಿಡಬೇಕಾದ್ದು ಇರುವವರ ಬಗ್ಗೆ.

ಮನೆಯವರ ಕೈಯಲ್ಲಿ ಪೆನ್ನು ಕೊಟ್ಟರೆ ಏನಾಗುತ್ತದೆ ಅಂತ ನೋಡಬೇಕಾದರೆ 2018ರ ಎರಡು ಸಿನಿಮಾ ಪಕ್ಕ ಪಕ್ಕ ಇಟ್ಟು ನೋಡಿ. ಒಂದು ‘ಸಂಜು’, ನಟ ಸಂಜಯ್ ದತ್ ಮೇಲಿನದು. ಡ್ರಗ್ಸ್ ತೋರಿಸಿದರು, ಎಕೆ-56 ತೋರಿಸಿದರು, ಜೈಲು ತೋರಿಸಿದರು. ಎಲ್ಲ ತೋರಿಸಿದ ಹಾಗೆ ಕಾಣುತ್ತದೆ. ಆದರೆ ಕಾಯಿಲೆ ಬಿದ್ದು 1996ರಲ್ಲಿ ತೀರಿಕೊಂಡ ಮೊದಲ ಹೆಂಡತಿ ರಿಚಾ ಶರ್ಮಾ ಇಡೀ ಸಿನಿಮಾದಲ್ಲಿ ಇಲ್ಲ, ಆಕೆಯ ಮಗಳೂ ಇಲ್ಲ. ಅವನು ತನಗೆ ತಾನು ಮಾಡಿಕೊಂಡ ತಪ್ಪುಗಳು ಮಾತ್ರ ಉಳಿದವು. ಅವಕ್ಕೆ ಜನ ಅಯ್ಯೋ ಪಾಪ ಅಂದರು, ಟಿಕೆಟ್ ತೆಗೆದರು. ಇನ್ನೊಂದು ‘ಬೊಹೀಮಿಯನ್ ರಾಪ್ಸೊಡಿ’, ಇಂಗ್ಲಿಷ್ ರಾಕ್ ಬ್ಯಾಂಡ್ ಕ್ವೀನ್‌ನ ಹಾಡುಗಾರ ಫ್ರೆಡ್ಡಿ ಮರ್ಕ್ಯುರಿ ಮೇಲಿನದು. ಕ್ವೀನ್ ಬ್ಯಾಂಡಿನವರೇ ಜೊತೆಗಿದ್ದು ಮಾಡಿಸಿದ್ದು. ಅದರಲ್ಲಿ 1985ರ ಲೈವ್ ಏಯ್ಡ್ ಕಾರ್ಯಕ್ರಮಕ್ಕೆ ಮೊದಲೇ ಫ್ರೆಡ್ಡಿ ತನ್ನ ಏಡ್ಸ್ ಕಾಯಿಲೆ ವಿಷಯ ಗೆಳೆಯರಿಗೆ ಹೇಳುತ್ತಾನೆ. ಕಾಯಿಲೆ ಪತ್ತೆ ಆದದ್ದೇ ಅದಾದ ಎರಡು ವರ್ಷಕ್ಕೆ ಅಂತ ಅವನ ಹತ್ತಿರದವರು ಹೇಳಿದ್ದಾರೆ. ಕ್ಲೈಮ್ಯಾಕ್ಸಿಗೆ ಕಣ್ಣೀರು ಬೇಕಿತ್ತು, ತಾರೀಖು ಹಿಂದಕ್ಕೆ ಜರುಗಿತು.

ಹಾಡಿನ ಹಕ್ಕು ಮನೆಯವರ ಹತ್ತಿರ ಇರುತ್ತದೆ. ಹಾಡಿಲ್ಲದೆ ಹಾಡುಗಾರನ ಸಿನಿಮಾ ಆಗುವುದಿಲ್ಲ. ಅದಕ್ಕೇ ನಿರ್ಮಾಪಕರು ಅವರು ಹೇಳಿದ್ದಕ್ಕೆಲ್ಲ ತಲೆ ಆಡಿಸುತ್ತಾರೆ. ನಿಮ್ಮ ಫೈಲ್ ಕತೆಯೂ ಅದೇ, ರೊಕ್ಕದ ಲೆಕ್ಕ ಸಣ್ಣದು ಅಷ್ಟೇ.

ನನ್ನ ವೋಟು: ತೋರಿಸಿ.

ಜಾತ್ರಿ ಮಂದಿ (ರೋಣ)

ಯಾಕಿಷ್ಟು ತಲೆ ಕೆಡಿಸಿಕೊಳ್ಳುತ್ತೀರಿ. ಹಾಡು ಹಾಕಿ, ಎರಡು ಡೈಲಾಗ್ ಹಾಕಿ, ಮುಗಿಸಿ. ಯೂಟ್ಯೂಬಿನಲ್ಲಿ ಇಂಥದ್ದನ್ನು ಐದು ನಿಮಿಷ ನೋಡುವವರು ಸಿಕ್ಕರೆ ನಿಮ್ಮ ಪುಣ್ಯ.

ಮಾಳಮಡ್ಡಿ ಅಕ್ಕ (ಧಾರವಾಡ)

ತಮ್ಮಾ, ನಿನ್ನ ಪ್ರಶ್ನೆ ಎರಡು ಸಲ ಓದಿದೆ. ‘ನಟರ ತಪ್ಪು ತೋರಿಸಬೇಕಾ ಬೇಡವಾ’ ಅಂತ ಎಲ್ಲರೂ ಹೊಡೆದಾಡುತ್ತಿದ್ದೀರಿ. ನನಗೆ ಚುಚ್ಚಿದ್ದು ಆ ಗೀಚಿದ ಹೆಸರು. ಸಾವ್ಕಾರನ ವಿಷಯ ಮುಚ್ಚಿದರೆ ನಟರಿಗೆ ಏನೂ ನಷ್ಟ ಇಲ್ಲ, ಸಾವ್ಕಾರನಿಗಂತೂ ಇಲ್ಲವೇ ಇಲ್ಲ. ಮುಚ್ಚಿ ಹೋಗುವುದು ಆ ಹೆಣ್ಣುಮಗಳು. ಅಷ್ಟೇ ದಪ್ಪಕ್ಷರದಲ್ಲಿ ಹೆಸರು ಹಾಕಿಸಿಕೊಂಡಿದ್ದವಳು ಅವಳು. ಅರ್ಧ ನಾಟಕ ಅವಳದು. ಅವಳನ್ನು ಬಿಟ್ಟು ‘ಕಲೆ ಅಷ್ಟೇ’ ಹೇಗೆ ತೋರಿಸುತ್ತೀರಿ? ಅವಳ ಪಾತ್ರ ಕಲೆ ಅಲ್ಲವೇ?

ನಮ್ಮ ಕಡೆಯ ದೊಡ್ಡವರನ್ನೇ ತೆಗೆದುಕೊಳ್ಳಿ. ಭೀಮಸೇನ ಜೋಶಿ ಅವರು ಗುರುವನ್ನು ಹುಡುಕಿಕೊಂಡು ಹುಡುಗನಾಗಿದ್ದಾಗಲೇ ಗದಗಿನ ಮನೆ ಬಿಟ್ಟು ಓಡಿಹೋದ ಕತೆ, ಕುಂದಗೋಳದಲ್ಲಿ ಸವಾಯಿ ಗಂಧರ್ವರ ಮನೆಗೆ ನೀರು ಹೊತ್ತ ಕತೆ, ಇವು ನಮಗೆಲ್ಲ ಬಾಯಿಪಾಠ. ಅವರ ಕುಡಿತದ ಕತೆಯನ್ನೂ ಜನ ಒಂಥರಾ ಪ್ರೀತಿಯಿಂದಲೇ ಹೇಳುತ್ತಾರೆ, ಎಷ್ಟು ಕುಡಿದರೂ ಸುರ ತಪ್ಪಲಿಲ್ಲ ಅಂತ. ಆದರೆ ಮೊದಲ ಹೆಂಡತಿ ಸುನಂದಾಬಾಯಿ ಮತ್ತು ನಾಲ್ಕು ಮಕ್ಕಳ ಕತೆ ಎಷ್ಟು ಮಂದಿಗೆ ಗೊತ್ತು? 1951ರಲ್ಲಿ ಎರಡನೇ ಮದುವೆ ಆಯಿತು. ಮೊದಲ ಸಂಸಾರ ಬೇರೆ ಮನೆಗೆ ಹೋಯಿತು. ಆ ಕತೆ ಹೊರಗೆ ಬಂದದ್ದು ಹಿರಿಯ ಮಗ ರಾಘವೇಂದ್ರ ಅವರೇ ಮರಾಠಿಯಲ್ಲಿ ಪುಸ್ತಕ ಬರೆದಾಗ. ಅಪ್ಪನ ಹಾಡಿನ ಮೇಲಿನ ಹುಚ್ಚು ಪ್ರೀತಿಯೂ ಅದರಲ್ಲಿದೆ, ಅಪ್ಪ ಮನೆಯಲ್ಲಿ ಇಲ್ಲದ ನೋವೂ ಇದೆ. ಅದರಿಂದ ಭೀಮಸೇನರ ಹಾಡಿಗೆ ಏನಾಯಿತು? ಏನೂ ಆಗಲಿಲ್ಲ. ಬೆಳಿಗ್ಗೆ ಅವರ ತೋಡಿ ರಾಗ ಹಾಕಿದರೆ ನಾನು ಈಗಲೂ ಒಲೆ ಆರಿಸಿ ಕೂರುತ್ತೇನೆ. ಕೇಳುವುದು ಬಿಡಲಿಲ್ಲ, ಆದರೆ ಆ ತಾಯಿಯ ಹೆಸರು ಈಗ ನನಗೆ ಗೊತ್ತು.

ಗಂಗೂಬಾಯಿ ಹಾನಗಲ್ ಅವರನ್ನು ನೋಡಿ. ಬೇರೆಯವರಾಗಿದ್ದರೆ ಮುಚ್ಚಿಡುತ್ತಿದ್ದದ್ದನ್ನು ಅವರೇ ಬಿಚ್ಚಿ ಹೇಳಿದರು. ತಾಯಿ ಅಂಬಾಬಾಯಿಯ ಮನೆತನ ಯಾವುದು, ಧಾರವಾಡದ ಶುಕ್ರವಾರಪೇಟೆಯಲ್ಲಿ ಜನ ಏನೇನು ಅಂದರು, ಎಲ್ಲ ಹೇಳಿದರು. 1924ರ ಬೆಳಗಾವಿ ಕಾಂಗ್ರೆಸ್ಸಿನಲ್ಲಿ ಗಾಂಧೀಜಿ ಎದುರು ಸ್ವಾಗತಗೀತೆ ಹಾಡಿದಾಗ ಅವರು ಹನ್ನೊಂದರ ಹುಡುಗಿ. ಹಾಡಿಗಿಂತ ಹೆಚ್ಚಾಗಿ ಅವರನ್ನು ಕಾಡಿದ ಹೆದರಿಕೆ, ಊಟ ಆದ ಮೇಲೆ ಎಲ್ಲಿ ಜಾತಿ ನೋಡಿ ತನಗೆ ಎಂಜಲೆಲೆ ಎತ್ತಲು ಹೇಳುತ್ತಾರೋ ಅಂತ. ಇದನ್ನು ಬಿಟ್ಟು ಅವರ ಮೇಲೆ ಸಿನಿಮಾ ಮಾಡಿದರೆ ಪದ್ಮವಿಭೂಷಣ ತೆಗೆದುಕೊಂಡ ಅಜ್ಜಿಯ ಸಿನಿಮಾ ಆಗುತ್ತದೆ ಅಷ್ಟೇ. ಗಂಡಸರ ಸಿನಿಮಾದಲ್ಲಿ ಹೆಂಗಸರ ಕತೆ ‘ಖಾಸಗಿ’ ಆಗುತ್ತದೆ, ಹೆಂಗಸಿನ ಸಿನಿಮಾದಲ್ಲಿ ಅದೇ ‘ಹೋರಾಟ’ ಆಗುತ್ತದೆ. ಇದು ನನಗೆ ಬಗೆಹರಿಯುವುದಿಲ್ಲ.

ಇರಲಿ. ಒಂದು ಕೇಳುತ್ತೇನೆ. ಆ ನಟಿ ಇದ್ದಾರಾ? ಇದ್ದರೆ ಅವರನ್ನು ಯಾರಾದರೂ ಮಾತಾಡಿಸಿದ್ದೀರಾ? ಮನೆಯವರನ್ನು ಕೇಳಿದಿರಿ, ಹಳೇ ಕಲಾವಿದರನ್ನು ಕೇಳಿದಿರಿ, ಈಗ ನಮ್ಮನ್ನೂ ಕೇಳುತ್ತಿದ್ದೀರಿ.

ಕರಿಕೋಟು (ಹಾವೇರಿ)

ಕೋರ್ಟಿನ ಕಡೆಯಿಂದ ನಾಲ್ಕು ಮಾತು. ಇದು ಫೀಸಿಲ್ಲದ ಸಲಹೆ, ಅಷ್ಟರಮಟ್ಟಿಗೇ ತೆಗೆದುಕೊಳ್ಳಿ.

ಮನೆಯವರ ಒಪ್ಪಿಗೆ ಇಲ್ಲದೆ ಸಿನಿಮಾ ಮಾಡುವ ಹಾಗೇ ಇಲ್ಲ ಅಂತ ಬಹಳ ಜನ ತಿಳಿದಿದ್ದಾರೆ. ಹಾಗಿಲ್ಲ. 1994ರ ಆಟೋ ಶಂಕರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು, ಸಾರ್ವಜನಿಕ ದಾಖಲೆಯಲ್ಲಿ ಇರುವುದನ್ನು ಬರೆಯಲು ಯಾರ ಅಪ್ಪಣೆಯೂ ಬೇಕಿಲ್ಲ. 2023ರಲ್ಲಿ ಸುಶಾಂತ್ ಸಿಂಗ್ ರಜಪೂತ್ ಅವರ ತಂದೆ ಮಗನ ಮೇಲಿನ ಸಿನಿಮಾ ವಿರುದ್ಧ ಹಾಕಿದ್ದ ಕೇಸಿನಲ್ಲಿ ದೆಹಲಿ ಹೈಕೋರ್ಟ್ ಇನ್ನೂ ಮುಂದೆ ಹೋಗಿ, ಖಾಸಗಿತನದ ಹಕ್ಕು ಆ ವ್ಯಕ್ತಿಯ ಜೊತೆಗೇ ಹೋಗುತ್ತದೆ, ವಾರಸುದಾರರಿಗೆ ಆಸ್ತಿಯ ಹಾಗೆ ಬರುವುದಿಲ್ಲ ಎಂದಿತು.

ಆದರೆ ಇಲ್ಲೇ ಹುಷಾರಾಗಿರಬೇಕು. ಮಾನನಷ್ಟದ ವಿಷಯ ಬೇರೆ. ಹಳೇ ಐಪಿಸಿ 499, ಈಗಿನ ಭಾರತೀಯ ನ್ಯಾಯ ಸಂಹಿತೆ 356. ಸತ್ತವರ ಬಗ್ಗೆ ಆಡಿದ ಮಾತೂ ಅದರಲ್ಲಿ ಬರುತ್ತದೆ, ಮನೆಯವರ ಮನಸ್ಸು ನೋಯಿಸುವ ಉದ್ದೇಶ ಇತ್ತು ಅಂತಾದರೆ. ನಿಜ ಇದ್ದರೆ ಸಾಕು ಅನ್ನಬೇಡಿ. ಕ್ರಿಮಿನಲ್ ಕೇಸಿನಲ್ಲಿ ನಿಜವೂ ಆಗಿರಬೇಕು, ಸಾರ್ವಜನಿಕರ ಒಳಿತಿಗೂ ಆಗಿರಬೇಕು. ನಿಮ್ಮ ಹತ್ತಿರ ಇರುವುದು ಕ್ಯಾಮೆರಾ ಬಂದ್ ಆದ ಮೇಲಿನ ಮಾತು. ‘ಅಂತೆ’ಗಳು ಸಾಕ್ಷಿಕಟ್ಟೆಯಲ್ಲಿ ನಿಲ್ಲುವುದಿಲ್ಲ. ಸಾವ್ಕಾರನ ಮಕ್ಕಳು ಇರುತ್ತಾರೆ, ಅವರ ಹತ್ತಿರ ದುಡ್ಡೂ ಇರುತ್ತದೆ.

ಭೀಮಸೇನರ ಎರಡನೇ ಮದುವೆ ಸುದ್ದಿ ಬಂತು ಅಂತ ಒಂದು ಮಾತು, ಅಕ್ಕಾ. ಆಗ ನಮ್ಮ ಧಾರವಾಡ ಜಿಲ್ಲೆ ಇದ್ದದ್ದು ಮುಂಬೈ ಪ್ರಾಂತ್ಯದಲ್ಲಿ. 1946ರಲ್ಲೇ ಅಲ್ಲಿ ಹಿಂದೂಗಳು ಒಬ್ಬಳಿರುವಾಗ ಇನ್ನೊಬ್ಬಳನ್ನು ಮದುವೆ ಆಗಬಾರದು ಅಂತ ಕಾನೂನು ಬಂದಿತ್ತು. ಅದಕ್ಕೇ ಅವರು ಆ ಕಾನೂನು ಇಲ್ಲದ ನಾಗಪುರಕ್ಕೆ ಹೋಗಿ ಮದುವೆ ಆದದ್ದು. ಗಾಳಿಸುದ್ದಿ ಹಿಡಿದು ಮಾಡುವ ಸಿನಿಮಾಕ್ಕೂ ದಾಖಲೆ ಹಿಡಿದು ಮಾಡುವ ಸಿನಿಮಾಕ್ಕೂ ವ್ಯತ್ಯಾಸ ಇಲ್ಲೇ ಇರುವುದು. ಇಂಥ ಒಂದು ವಿವರ ಸಾಕು, ನೀವು ಬಾಯಿ ಬಿಟ್ಟು ಬೈಯಬೇಕಾಗಿಯೇ ಇಲ್ಲ.

ಗದಗಿನ ಕೇಳುಗ (ಗದಗ)

ಭೀಮಸೇನರನ್ನು ಇದರಲ್ಲಿ ಎಳೆಯಬೇಕಿತ್ತಾ ಅಕ್ಕಾವರೇ? ಭಾರತರತ್ನ ಅವರು. ಮಗ ಬರೆದದ್ದು ಮಗನ ಹಕ್ಕು. ಹೊರಗಿನವರು ಅದನ್ನೇ ಹಿಡಿದುಕೊಂಡು ಸಿನಿಮಾ ಮಾಡುವುದು ಬೇರೆ.

ಮಾಳಮಡ್ಡಿ ಅಕ್ಕ (ಧಾರವಾಡ)

ಹೊರಗಿನವರು ಹೊಗಳಬಹುದು, ನೋವಿನ ವಿಷಯ ಬಂದಾಗ ಮಾತ್ರ ಮನೆಯವರೇ ಹೇಳಬೇಕು ಅಂದರೆ ಹೇಗೆ ರೀ? ಮನೆಯವರಲ್ಲೂ ಯಾರು? ನಟಿ ಸಾವಿತ್ರಿಯ ಮೇಲೆ ‘ಮಹಾನಟಿ’ ಬಂದಾಗ ಸಾವಿತ್ರಿಯ ಮಗಳು ಸಿನಿಮಾದ ಪರ ನಿಂತರು, ಗಂಡ ಜೆಮಿನಿ ಗಣೇಶನ್ ಅವರ ಇನ್ನೊಂದು ಸಂಸಾರದ ಮಗಳು ನಮ್ಮ ಅಪ್ಪನನ್ನು ಕೆಟ್ಟದಾಗಿ ತೋರಿಸಿದ್ದೀರಿ ಅಂತ ಸಿಟ್ಟಾದರು. ಇಬ್ಬರೂ ಮಕ್ಕಳೇ, ಇಬ್ಬರಿಗೂ ಅವರವರ ನೆನಪು ಇದೆ. ಯಾರ ಮನೆಯವರನ್ನು ಕೇಳುತ್ತೀರಿ ಅನ್ನುವುದರ ಮೇಲೇ ಅರ್ಧ ಸಿನಿಮಾ ತೀರ್ಮಾನ ಆಗಿಬಿಡುತ್ತದೆ.

ಸಿನಿಮಾ ಹುಚ್ಚ (ಹುಬ್ಬಳ್ಳಿ)

ಅಕ್ಕಾ, ಸರಿಯಾಗಿ ಹೇಳಿದಿರಿ. ಕೇಳುಗರು ಮೊದಲು ಹೇಳಿದ ‘ಹೊಟ್ಟೆಪಾಡು’ ವಿಷಯಕ್ಕೂ ಒಂದು ಹೇಳುತ್ತೇನೆ, ಅದು ನಿಜವಾಗಿಯೂ ಗಟ್ಟಿ ಮಾತು. ಸಾವ್ಕಾರನ ಅನ್ನ ತಿಂದವರೆಲ್ಲ ಪಾಪಿಗಳು ಅಂತ ನಾನೂ ಅನ್ನುವುದಿಲ್ಲ. ಆದರೆ ಎಲ್ಲಿ ಗೆರೆ? ಜರ್ಮನಿಯಲ್ಲಿ ಲೆನಿ ರೀಫನ್‌ಸ್ಟಾಲ್ ಅಂತ ಒಬ್ಬ ನಿರ್ದೇಶಕಿ ಇದ್ದರು. ಹಿಟ್ಲರನ 1934ರ ನ್ಯೂರೆಂಬರ್ಗ್ ಸಭೆಯನ್ನು ಆಕೆ ಶೂಟ್ ಮಾಡಿದ ರೀತಿ ಇವತ್ತಿಗೂ ಫಿಲ್ಮ್ ಶಾಲೆಗಳಲ್ಲಿ ಪಾಠ. ನೂರೊಂದು ವರ್ಷ ಬದುಕಿದರು, 2003ರಲ್ಲಿ ಹೋದರು. ಸಾಯುವವರೆಗೂ ಹೇಳಿದ್ದು ಒಂದೇ, ನಾನು ಕಲೆ ಮಾಡಿದೆ, ರಾಜಕೀಯ ನನಗೆ ಗೊತ್ತಿರಲಿಲ್ಲ. ಆದರೆ ಯುದ್ಧದ ಹೊತ್ತಿನಲ್ಲಿ ‘ಟೀಫ್‌ಲಾಂಡ್’ ಅನ್ನುವ ಸಿನಿಮಾಕ್ಕೆ ಗುಂಪಿನಲ್ಲಿ ನಿಲ್ಲಲು ಜನ ಬೇಕಾದಾಗ ಕ್ಯಾಂಪಿನಲ್ಲಿ ಕೂಡಿಹಾಕಿದ್ದ ರೋಮಾ ಜನಾಂಗದವರನ್ನು, ಅದರಲ್ಲಿ ಎಳೆ ಮಕ್ಕಳನ್ನೂ, ಕರೆಸಿಕೊಂಡಿದ್ದರು. ಶೂಟಿಂಗ್ ಮುಗಿದ ಮೇಲೆ ಅವರಲ್ಲಿ ಎಷ್ಟೋ ಜನರನ್ನು ನಾಜಿಗಳು ಆಶ್ವಿಟ್ಸ್ ಸಾವಿನ ಕ್ಯಾಂಪಿಗೆ ಕಳಿಸಿದರು. ಇಂಥವರ ಮೇಲೆ ಸಿನಿಮಾ ಮಾಡಿ, ಕ್ಯಾಮೆರಾ ಆಂಗಲ್ ಎಷ್ಟು ಚೆಂದ ಅಂತ ಮಾತ್ರ ತೋರಿಸಿದರೆ ಏನನ್ನುತ್ತೀರಿ?

ನಮ್ಮ ನಟರನ್ನು ಅವರಿಗೆ ಹೋಲಿಸುತ್ತಿಲ್ಲ, ಅಯ್ಯೋ. ನಾನು ನೋಡುವ ಗೆರೆ ಇದು: ಆ ಸಂಬಂಧ ಅವರ ಕಲೆಯ ಒಳಗೆ ಬಂದಿದೆಯಾ? ಯಾರೋ ಒಬ್ಬ ಕೆಟ್ಟವನ ಜೊತೆ ಎಲೆ ಅಡಿಕೆ ಹಾಕಿಕೊಂಡು ಕೂತಿದ್ದರೆ ನನಗೇನು, ಬಿಡಿ. ಆದರೆ ಪರದೆಯೂ ಅವನದು, ಜೀಪೂ ಅವನದು, ನಾಯಕಿ ಬಿಟ್ಟು ಹೋದದ್ದೂ ಅವನಿಂದ ಅಂದರೆ ಅದು ಖಾಸಗಿ ಹೇಗಾಯಿತು? ಕಂಪನಿಯ ಚರಿತ್ರೆಯೇ ಅದು.

ಉಣಕಲ್ ದಂಡಿ (ಹುಬ್ಬಳ್ಳಿ)

ಇಷ್ಟು ದಿನ ಉತ್ತರ ಕೊಡಲಿಲ್ಲ, ಕಾರಣ ಇದೆ. ಅಕ್ಕ ಕೇಳಿದ ಪ್ರಶ್ನೆಗೆ ನಮ್ಮ ಹತ್ತಿರ ಉತ್ತರ ಇರಲಿಲ್ಲ. ಆ ನಟಿ ತೀರಿಕೊಂಡಿದ್ದಾರೆ ಅಂತ ಮನೆಯವರು ಹೇಳಿದ್ದರು, ನಾವೂ ಕೆದಕಲಿಲ್ಲ. ಪರದೆ ಹಿಂದಿನಿಂದ ಮಾತು ಎತ್ತಿಕೊಡುತ್ತಿದ್ದ ಒಬ್ಬ ಹಳೇ ಪ್ರಾಂಪ್ಟರ್‌ರನ್ನು ಮತ್ತೆ ಕೇಳಿದಾಗ, ಇಲ್ಲ, ಇದ್ದಾರೆ, ಹಾವೇರಿ ಜಿಲ್ಲೆಯ ಒಂದು ಹಳ್ಳಿಯಲ್ಲಿ ತಂಗಿಯ ಮಗನ ಮನೆಯಲ್ಲಿದ್ದಾರೆ ಎಂದರು. ಹೋಗಿ ಬಂದೆವು.

ಅಜ್ಜಿಗೆ ಕಣ್ಣು ಮಂಜು, ಕಿವಿ ಚುರುಕು. ಕ್ಯಾಮೆರಾ ಹೊರಗೇ ಇಟ್ಟಿದ್ದೆವು. ಕಟ್ಟೆ ಮೇಲೆ ಮೆಣಸಿನಕಾಯಿ ತೊಟ್ಟು ಬಿಡಿಸುತ್ತಾ ಕೂತಿದ್ದರು. ನಾವು ಯಾರ ಬಗ್ಗೆ ಸಿನಿಮಾ ಮಾಡುತ್ತಿದ್ದೇವೆ ಅಂತ ಹೇಳಿದ ಕೂಡಲೇ ಕೈ ನಿಲ್ಲಿಸಿದರು. ಬೈಯುತ್ತಾರೆ ಅಂದುಕೊಂಡೆ. ಬೈಯಲಿಲ್ಲ. “ಯಾವ ನಾಟಕ ಹೇಳ್ಯಾರ ನಿಮಗ ಮಂದಿ?” ಅಂತ ಕೇಳಿದರು. ನಾವು ಎರಡು ಮೂರು ಹೆಸರು ಹೇಳಿದೆವು. ಒಂದಕ್ಕೆ ತಲೆ ಅಲ್ಲಾಡಿಸಿ, ಅದರಲ್ಲಿ ಎರಡನೇ ಅಂಕದ ಹಾಡು ನಾನು ಶುರು ಮಾಡುತ್ತಿದ್ದೆ, ಅವರು ಆಮೇಲೆ ಬರುತ್ತಿದ್ದರು, ನಾನು ಎತ್ತಿ ಕೊಡದಿದ್ದರೆ ಅವರಿಗೆ ಆ ಪಟ್ಟಿ (ಶ್ರುತಿ) ಸಿಗುತ್ತಿರಲಿಲ್ಲ ಅಂದರು. ಆಮೇಲೆ ಅಲ್ಲೇ ಕೂತು, ಖಾರದ ಕೈಯನ್ನು ಮೈಗೆ ತಾಗದ ಹಾಗೆ ದೂರ ಹಿಡಿದುಕೊಂಡು, ಆ ಸಾಲು ಎತ್ತಿದರು. ದನಿ ಒಡೆದಿದೆ. ಆದರೆ ಹಿಡಿದ ಜಾಗ ಕ್ಯಾಸೆಟ್ಟಿನಲ್ಲಿ ಇರುವ ಜಾಗವೇ. ನಾವು ನಮ್ಮ ನಟರ ಹಾಡು ಅಂದುಕೊಂಡು ಕೇಳುತ್ತಿದ್ದದ್ದರ ಮೊದಲ ಹೆಣ್ಣು ದನಿ ಅವರದೇ. ಕ್ಯಾಸೆಟ್ ಕವರ್ ಮೇಲೆ ಅವರ ಹೆಸರು ಇಲ್ಲ.

ಸಾವ್ಕಾರನ ಮಾತು ನಾವಾಗಿ ತೆಗೆಯಲಿಲ್ಲ. ಅವರೇ ಅಂದರು. “ನನ್ನ ಹೆಸರ ಹಾಕ್ರಿ. ಏನೇನ ಪಾರ್ಟ್ ಮಾಡೇನಿ ಅದನ್ನ ಹಾಕ್ರಿ. ಆ ಸಾವ್ಕಾರಂದು ಹಾಕಿದ್ರೂ ಅಷ್ಟ, ಬಿಟ್ರೂ ಅಷ್ಟ. ಆದ್ರ ನಾ ಯಾರಿಗೂ ಹೇಳದಂಗ ಓಡಿ ಹೋದೆ ಅಂತ ಹಾಕಬ್ಯಾಡ್ರಿ. ನಾ ಇವರಿಗೆ ಹೇಳೇ ಹೋಗೇನಿ.” ಇವರಿಗೆ ಅಂದರೆ ನಮ್ಮ ನಟರಿಗೆ. ಅವರು ಏನಂದರು ಅಂತ ಕೇಳಿದೆ. “ಏನಂತಾರ, ಬಸ್ ಚಾರ್ಜ್ ಕೊಟ್ರು.”

ಈಗ ನನಗೆ ಮೊದಲಿಗಿಂತ ಜಾಸ್ತಿ ಗೊಂದಲ. ತೋರಿಸಬೇಕು ಅನ್ನುತ್ತಿದ್ದ ನಮ್ಮ ಪಾರ್ಟಿಯವರು ಅವರನ್ನು ‘ಅನ್ಯಾಯಕ್ಕೆ ಒಳಗಾದ ನಟಿ’ ಅಂತ ಎರಡು ನಿಮಿಷ ತೋರಿಸುವ ಲೆಕ್ಕದಲ್ಲಿದ್ದರು. ಅವರಿಗೆ ಅದು ಬೇಡವೇ ಬೇಡ.

ಮಾಳಮಡ್ಡಿ ಅಕ್ಕ (ಧಾರವಾಡ)

ಬಸ್ ಚಾರ್ಜ್ ಕೊಟ್ಟರು! ಆ ಒಂದು ಮಾತಿನಲ್ಲಿ ನಿಮ್ಮ ನಟರು ಪೂರ್ತಿ ಬಂದುಬಿಟ್ಟರು ನೋಡು. ರಾಕ್ಷಸರೂ ಅಲ್ಲ, ದೇವರೂ ಅಲ್ಲ. ಜೇಬಿಗೆ ಕೈ ಹಾಕುವಷ್ಟು ಒಳ್ಳೆಯವರು, ಸಾವ್ಕಾರನ ಎದುರು ನಿಲ್ಲುವಷ್ಟು ಅಲ್ಲ. ಇದಕ್ಕಿಂತ ಜಾಸ್ತಿ ಏನು ತೋರಿಸಬೇಕು? ಇದಕ್ಕಿಂತ ಕಡಿಮೆ ತೋರಿಸಿದರೂ ಸುಳ್ಳೇ.

ಅಜ್ಜಿಯನ್ನು ಸಂತ್ರಸ್ತೆ ಮಾಡಬೇಡ ತಮ್ಮಾ. ಅವರಿಗೆ ಬೇಕಾದದ್ದು ದಪ್ಪಕ್ಷರ. ಮೊದಲ ಅರ್ಧ ಗಂಟೆ ಇಬ್ಬರ ನಾಟಕ ತೋರಿಸಿ, ಹಾಡು ತೋರಿಸಿ, ಯಾವ ಪಾರ್ಟ್ ಹೇಗೆ ಮಾಡುತ್ತಿದ್ದರು ಅಂತ ಹೇಳಿಸಿ. ನೋಡುವವರಿಗೆ ಅವರು ನಟಿಯಾಗಿ ಇಷ್ಟ ಆಗಿಬಿಡಲಿ. ಆಮೇಲೆ ಅವರು ಕಂಪನಿ ಬಿಟ್ಟ ಜಾಗ ಬಂದಾಗ ‘ಯಾಕೆ?’ ಅಂತ ಜನರೇ ಕೇಳುತ್ತಾರೆ. ಅಲ್ಲಿ ಅಜ್ಜಿ ಎಷ್ಟು ಹೇಳುತ್ತಾರೋ ಅಷ್ಟು.

ಗದಗಿನ ಕೇಳುಗ (ಗದಗ)

ಓದಿದೆ. ಅಜ್ಜಿಯ ಮಾತು ಹಾಕಿ, ಅದಕ್ಕೆ ನನ್ನ ತಕರಾರಿಲ್ಲ. ಬದುಕಿರುವವರು ತಮ್ಮ ಬಾಯಿಂದ ಹೇಳುವುದು ಬೇರೆ, ನೀವು ಹಿನ್ನೆಲೆ ದನಿಯಲ್ಲಿ ತೀರ್ಪು ಕೊಡುವುದು ಬೇರೆ. ಆದರೆ ಫೈಲ್ ವಿಷಯದಲ್ಲಿ ನನ್ನ ಮಾತು ಅದೇ. ಷರತ್ತಿನ ಮೇಲೆ ತಂದದ್ದನ್ನು ಷರತ್ತು ಮುರಿದು ಬಳಸಬೇಡಿ. ಹೋಗಿ ಮನೆಯವರ ಮುಂದೆ ಕೂತು, ಹೀಗೆ ಹೀಗೆ ಆಗಿದೆ, ಅಜ್ಜಿ ಬದುಕಿದ್ದಾರೆ, ಅವರ ಮಾತು ಸಿನಿಮಾದಲ್ಲಿ ಇರುತ್ತದೆ ಅಂತ ಹೇಳಿ. ಒಪ್ಪಿದರೆ ಸರಿ. ಒಪ್ಪದಿದ್ದರೆ ಫೈಲ್ ವಾಪಸ್ ಕೊಟ್ಟು ಕೈ ಮುಗಿದು ಬನ್ನಿ. ಫೋಟೋ ಇಲ್ಲದಿದ್ದರೂ ಸಿನಿಮಾ ಆಗುತ್ತದೆ.

ಸಿನಿಮಾ ಹುಚ್ಚ (ಹುಬ್ಬಳ್ಳಿ)

ಒಪ್ಪುತ್ತೇನೆ, ಇಷ್ಟವಿಲ್ಲದಿದ್ದರೂ. ಆ ಗೀಚಿದ ಹ್ಯಾಂಡ್‌ಬಿಲ್ ಕೈ ತಪ್ಪುತ್ತದಲ್ಲ ಅಂತ ಹೊಟ್ಟೆ ಉರಿಯುತ್ತದೆ, ಆ ಒಂದು ಶಾಟ್‌ಗೆ ಮಾತೇ ಬೇಕಿರಲಿಲ್ಲ. ಆದರೆ ಹ್ಯಾಂಡ್‌ಬಿಲ್ ಒಂದೇ ಪ್ರತಿ ಅಚ್ಚು ಹಾಕಿರುವುದಿಲ್ಲ. ಹಳೇ ಪ್ರೆಸ್‌ನವರ ಹತ್ತಿರ, ಪೇಟಿ ಮಾಸ್ತರರ ಮನೆಗಳಲ್ಲಿ, ಜಾತ್ರೆಯಲ್ಲಿ ಅಂಗಡಿ ಹಾಕುತ್ತಿದ್ದವರ ಟ್ರಂಕಿನಲ್ಲಿ ಹುಡುಕಿ. ಗೀಚದೇ ಇರುವ ಪ್ರತಿ ಸಿಕ್ಕರೆ ಅಜ್ಜಿಗೆ ತೋರಿಸಬಹುದು. ಸಿಗದಿದ್ದರೆ ಅವರ ಹೆಸರನ್ನು ಸಿನಿಮಾದ ಶುರುವಿಗೇ ಹಾಕಿ, ನಟರ ಪಕ್ಕದಲ್ಲಿ, ಅದೇ ಅಳತೆಯಲ್ಲಿ.

ಉಣಕಲ್ ದಂಡಿ (ಹುಬ್ಬಳ್ಳಿ)

ಫೈಲ್ ತೆಗೆದುಕೊಂಡು ಈ ಭಾನುವಾರ ಮನೆಯವರ ಹತ್ತಿರ ಹೋಗುತ್ತಿದ್ದೇವೆ. ಅಜ್ಜಿ ತೀರಿಕೊಂಡಿದ್ದಾರೆ ಅಂತ ಯಾಕೆ ಹೇಳಿದಿರಿ ಅಂತಲೂ ಕೇಳಬೇಕಾಗುತ್ತದೆ. ಅದು ನೆನೆಸಿಕೊಂಡರೇ ಕಷ್ಟ ಆಗುತ್ತಿದೆ. ಸಾವ್ಕಾರನ ಹೆಸರು ಹಾಕುವುದಿಲ್ಲ ಅಂತ ಮಾತ್ರ ತಂಡದಲ್ಲಿ ತೀರ್ಮಾನ ಆಗಿದೆ. ‘ಫೈನಾನ್ಸ್ ಮಾಡುತ್ತಿದ್ದವರು’ ಅಷ್ಟೇ ಇರುತ್ತದೆ. ವಕೀಲರೇ, ಅಷ್ಟು ಸಾಕಾ?

ಕರಿಕೋಟು (ಹಾವೇರಿ)

ಹೆಸರು ಹಾಕದಿದ್ದರೂ ಊರಿನವರಿಗೆಲ್ಲ ಯಾರು ಅಂತ ಗೊತ್ತಾಗುವ ಹಾಗಿದ್ದರೆ ಹಾಕಿದ ಹಾಗೇ ಲೆಕ್ಕ. ಜೀಪಿನ ಬಣ್ಣ, ಅಂಗಡಿ ಇದ್ದ ಓಣಿ, ಇಂಥ ಗುರುತು ಒಂದೂ ಇರಬಾರದು. ಶಾಲು ಹೊದಿಸುವ ಫೋಟೋ ಏನಾದರೂ ಸಿಕ್ಕಿದ್ದರೆ ಅದನ್ನು ಬಿಟ್ಟುಬಿಡಿ.

ಅಜ್ಜಿಯದು ಮೊದಲು ಮಾಡಿ. ಒಪ್ಪಿಗೆ ಪತ್ರ ಕನ್ನಡದಲ್ಲೇ ಇರಲಿ, ಕಣ್ಣು ಮಂಜು ಅಂದಿರಲ್ಲ, ಪೂರ್ತಿ ಓದಿ ಹೇಳಿ, ಓದಿ ಹೇಳಿದ್ದನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಸಹಿ ಅಥವಾ ಹೆಬ್ಬೆಟ್ಟು, ಪಕ್ಕದಲ್ಲಿ ಇಬ್ಬರ ಸಾಕ್ಷಿ. ಅವರ ತಂಗಿಯ ಮಗನಿಗೂ ವಿಷಯ ಗೊತ್ತಿರಲಿ, ನಾಳೆ ಊರಲ್ಲಿ ಮಾತು ಕೇಳಬೇಕಾದವರು ಅವರೇ. ಎಡಿಟ್ ಆದ ಮೇಲೆ ಬಿಡುಗಡೆಗೆ ಮೊದಲು ಅಜ್ಜಿಗೆ ಒಮ್ಮೆ ಕೇಳಿಸಿ. ಅದರಲ್ಲಿ ಯಾವ ಮಾತು ಬೇಡ ಅಂದರೂ ತೆಗೆಯುತ್ತೇವೆ ಅಂತ ಪತ್ರದಲ್ಲೇ ಬರೆದು ಕೊಡಿ. ಡ್ರಾಫ್ಟ್ ಮಾಡಿ ಕಳಿಸಿ, ನೋಡಿ ಕೊಡುತ್ತೇನೆ.